ದಯೆಗೂ ಒಂದು ಅಳತೆ

ಅಹಿಂಸೆಯ ವಿಚಾರ ಬಂದಾಗ ಸಾಮಾನ್ಯವಾಗಿ ಕ್ರೌರ್ಯದ ಉದಾಹರಣೆಗಳೇ ಮುಂದೆ ಬರುತ್ತವೆ. ಕೊಲ್ಲುವವನು, ಬಡಿಯುವವನು, ಎತ್ತಿನ ಮೇಲೆ ಮಿತಿಮೀರಿ ಹೇರುವವನು, ಹಸಿದ ಪ್ರಾಣಿಗೆ ಮೇವು ಹಾಕದವನು, ಇವರೆಲ್ಲರ ದೋಷ ಯಾರಿಗಾದರೂ ಕಾಣುವಂಥದು. ಅದನ್ನು ದೋಷವೆಂದು ತಿಳಿಯಲು ಶಾಸ್ತ್ರದ ಆಧಾರವನ್ನು ಹುಡುಕಬೇಕಾಗಿಲ್ಲ. ಆದರೆ ಜೀವಿಯೊಂದನ್ನು ಅಕ್ಕರೆಯಿಂದ ಸಾಕಿ, ಅದರ ಹಿತಕ್ಕೆಂದೇ ಹಣವನ್ನೂ ಸಮಯವನ್ನೂ ವೆಚ್ಚ ಮಾಡಿ, ಒಳ್ಳೆಯದೆಂದು ನಂಬಿ ಕೊಟ್ಟ ಪದಾರ್ಥವೇ ಹೆಚ್ಚಾಗಿ ಆ ಜೀವಿಗೆ ಬಾಧೆಯಾದರೆ, ಅದನ್ನು ಯಾವ ಖಾತೆಗೆ ಬರೆಯಬೇಕು? ಅಲ್ಲಿ ದ್ವೇಷವಿಲ್ಲ, ಲೋಭವಿಲ್ಲ, ಕೊಲ್ಲುವ ಸಂಕಲ್ಪವಂತೂ ಇಲ್ಲವೇ ಇಲ್ಲ. ಇರುವುದು ದಯೆ ಮಾತ್ರ. ದಯೆಯಿಂದ ಹಿಂಸೆ ಹುಟ್ಟಬಹುದೆ ಎಂಬುದು ಶ್ರಾವಕರು ಆಲೋಚಿಸಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಇಂದಿನ ಮನೆಗಳಿಗೆ ಹೊಸದಾಗಿ ಪ್ರವೇಶಿಸಿರುವ ಒಂದು ಹವ್ಯಾಸವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಬೀಳಗಿಯ ಪೇಟೆಯಲ್ಲಿ ಅಂಗಡಿ ನಡೆಸುವ ಒಂದು ಶ್ರಾವಕ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಮೊಮ್ಮಗನು ಊರಿಗೆ ಮರಳುವಾಗ ನೂರು ಲೀಟರ್ ಹಿಡಿಯುವ ಗಾಜಿನ ತೊಟ್ಟಿಯೊಂದನ್ನು ತಂದು ಪಡಸಾಲೆಯಲ್ಲಿ ಇರಿಸಿದ್ದಾನೆ. ಅದು ಕೆರೆಯ ಮೀನುಗಳ ತೊಟ್ಟಿಯಲ್ಲ, ಕಡಲ ತೊಟ್ಟಿ. ಅದರಲ್ಲಿ ಉಪ್ಪುನೀರು, ಎರಡು ಬಣ್ಣದ ಮೀನುಗಳು, ಒಂದು ಸೀಗಡಿ, ಕೆಲವು ಶಂಖದ ಹುಳುಗಳು ಮತ್ತು ಕಲ್ಲಿನ ಮೇಲೆ ಹೂವಿನಂತೆ ಅರಳುವ ಮೃದು ಹವಳಗಳು ಇವೆ. ಒಂದು ದಿನ ಹವಳವು ಕಳೆಗುಂದಿದಂತೆ ಕಂಡಿತು. ಅದಕ್ಕೆ ಅಯೋಡಿನ್ ಕಡಿಮೆಯಾಗಿರಬೇಕೆಂದು ಯಾರೋ ಹೇಳಿದರು. ಅಂದಿನಿಂದ ವಾರಕ್ಕೊಂದು ತೊಟ್ಟು ಅಯೋಡಿನ್ ದ್ರಾವಣವನ್ನು ಮೊಮ್ಮಗ ಹಾಕತೊಡಗಿದ. ಅವನು ಮರೆತಿರಬಹುದೆಂದು ಅವನ ತಂಗಿಯೂ ಹಾಕತೊಡಗಿದಳು. ಹವಳ ಅರಳಲಿಲ್ಲ. ಅರಳಲಿಲ್ಲವೆಂದು ಇಬ್ಬರೂ ಇನ್ನೊಂದು ತೊಟ್ಟು ಹೆಚ್ಚಿಸಿದರು. ಗಾಜಿನ ಮೇಲೆ ಪಾಚಿ ಬೆಳೆಯಿತು, ಹವಳ ಇನ್ನಷ್ಟು ಮುದುಡಿತು, ಒಂದು ಬೆಳಗ್ಗೆ ಸೀಗಡಿ ಸತ್ತಿತ್ತು. ಅಂಗಡಿಯ ಲೆಕ್ಕದಲ್ಲಿ ಕೂದಲು ಹಣ್ಣಾದ ಅಜ್ಜ ಕೇಳಿದ್ದು ಒಂದೇ ಮಾತು: "ತಮ್ಮಾ, ಇದರ ಕಿರ್ದಿ ಎಲ್ಲೈತಿ?"

ನಿದರ್ಶನ ಕಲ್ಪಿತವಾದರೂ ಅಜ್ಜನ ಪ್ರಶ್ನೆ ಕಲ್ಪಿತವಲ್ಲ. ಅದು ಧರ್ಮದ ಪ್ರಶ್ನೆಯೇ ಆಗಿದೆ.

ತೊಟ್ಟಿಯಲ್ಲಿ ಇರುವವರು ಯಾರು?

ಯಾರಿಗೆ ಬಾಧೆಯಾಗುತ್ತಿದೆ ಎಂಬುದನ್ನು ಮೊದಲು ನಿಶ್ಚಯಿಸಬೇಕು. ಮೀನು ಪಂಚೇಂದ್ರಿಯ ಜೀವಿ. ಶಂಖದ ಹುಳುವನ್ನು ಶಾಸ್ತ್ರಗಳು ದ್ವೀಂದ್ರಿಯವೆಂದು ಹೇಳುತ್ತವೆ. ಸೀಗಡಿ ತ್ರಸಜೀವಿ ಎಂಬುದರಲ್ಲಿ ಸಂಶಯವಿಲ್ಲ. ಹವಳದ ವಿಷಯದಲ್ಲಿ ಮಾತ್ರ ಸ್ವಲ್ಪ ವಿಚಾರ ಬೇಕು. ಮೂಲಾಚಾರದಲ್ಲಿ ಪೃಥ್ವಿಕಾಯದ ಭೇದಗಳನ್ನು ಎಣಿಸುವಾಗ ಪ್ರವಾಳವನ್ನು, ಅಂದರೆ ಹವಳವನ್ನು, ಹೆಸರಿಸಲಾಗಿದೆ. ಶ್ವೇತಾಂಬರರ ಉತ್ತರಾಧ್ಯಯನ ಸೂತ್ರದ ಎಣಿಕೆಯಲ್ಲಿಯೂ ಅದು ಇದೆ. ಇಂದಿನ ಜೀವವಿಜ್ಞಾನವಾದರೋ ಹವಳವನ್ನು ಪ್ರಾಣಿಯೆಂದು ಹೇಳುತ್ತದೆ. ಕೆಲವೇ ಮಿಲಿಮೀಟರ್ ಗಾತ್ರದ, ಬಾಯಿಯೂ ಸುತ್ತಲೂ ಎಳೆಗಳೂ ಉಳ್ಳ ಸಾವಿರಾರು ಜೀವಿಗಳು ಒಟ್ಟಾಗಿ ಬಾಳುವ ಸಮುದಾಯವೇ ಹವಳ.

ಇದನ್ನು ಶಾಸ್ತ್ರಕ್ಕೂ ವಿಜ್ಞಾನಕ್ಕೂ ನಡುವಣ ಜಗಳವಾಗಿ ಮಾಡುವವರಿದ್ದಾರೆ. ಅದರ ಅಗತ್ಯವಿಲ್ಲ. ಯುರೋಪಿನ ವಿದ್ವಾಂಸರು ಬಹುಕಾಲ ಹವಳವನ್ನು ಕಲ್ಲೆಂದೋ ಗಿಡವೆಂದೋ ತಿಳಿದಿದ್ದರು. 1720ರ ದಶಕದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯನು ಹವಳದ ಹೂವುಗಳು ಹೂವುಗಳಲ್ಲ, ಪ್ರಾಣಿಗಳು ಎಂದು ತೋರಿಸಿದಾಗ ಅಲ್ಲಿಯ ಪಂಡಿತರು ಮೊದಲು ನಂಬಲಿಲ್ಲ. ಕಲ್ಲಿನಂತೆ ಕಾಣುವ ಆ ವಸ್ತುವಿನಲ್ಲಿ ಜೀವವುಂಟು ಎಂಬ ಮುಖ್ಯ ಮಾತನ್ನು ಜೈನಾಚಾರ್ಯರು ಅದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಹೇಳಿದ್ದರು. ಎಷ್ಟು ಇಂದ್ರಿಯಗಳೆಂಬ ಎಣಿಕೆಯಲ್ಲಿ ಭೇದವಿದ್ದರೂ ಜೀವವಿದೆ ಎಂಬುದರಲ್ಲಿ ಭೇದವಿಲ್ಲ. ಅಷ್ಟೇ ಅಲ್ಲ, ಒಂದೇ ಹವಳದಲ್ಲಿ ಸುಣ್ಣಕಲ್ಲಿನ ಗೂಡಿದೆ, ಗೂಡಿನೊಳಗೆ ಬಾಯುಳ್ಳ ಜೀವಿಯಿದೆ, ಆ ಜೀವಿಯ ಮೈಯೊಳಗೆ ಬೆಳಕಿನಿಂದ ಆಹಾರ ಮಾಡಿಕೊಡುವ ಸೂಕ್ಷ್ಮ ಪಾಚಿಯಿದೆ. ಸಂಶಯವಿದ್ದಲ್ಲಿ ಹೆಚ್ಚಿನ ಇಂದ್ರಿಯಗಳನ್ನು ಎಣಿಸಿ ನಡೆದುಕೊಳ್ಳುವುದೇ ವ್ರತಿಗೆ ಕ್ಷೇಮಕರ. ಸಾಲದ ಮೊತ್ತದಲ್ಲಿ ಸಂಶಯವಿದ್ದಾಗ ಪ್ರಾಮಾಣಿಕ ವ್ಯಾಪಾರಿ ಹೆಚ್ಚಿನದನ್ನೇ ಒಪ್ಪಿಕೊಳ್ಳುತ್ತಾನಲ್ಲವೆ?

ಸಮುದ್ರದಿಂದ ಇಷ್ಟು ದೂರದ ಬೀಳಗಿಗೆ ಹವಳದ ಮಾತು ಏಕೆ ಎಂದು ಕೆಲವರು ಕೇಳಬಹುದು. ಬಾಗಲಕೋಟೆ, ಕಲಾದಗಿ, ಲೋಕಾಪುರ, ಮುಧೋಳದ ಸುತ್ತಮುತ್ತ ಅಗೆದು ಸಿಮೆಂಟು ಮಾಡುವ ಸುಣ್ಣಕಲ್ಲು, ನೂರು ಕೋಟಿ ವರ್ಷಗಳಿಗೂ ಹಿಂದೆ ಈ ಪ್ರದೇಶದಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಪದರಪದರವಾಗಿ ಕೂತದ್ದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಹವಳಗಳು ಹುಟ್ಟುವುದಕ್ಕೂ ಮೊದಲಿನ ಕಾಲದ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳ ಗುರುತು ಆ ಕಲ್ಲುಗಳಲ್ಲಿ ಇಂದಿಗೂ ಕಾಣುತ್ತದೆ. ಈ ನೆಲವೂ ಒಮ್ಮೆ ಜೀವಿಗಳ ಜಲಾಶಯವೇ ಆಗಿತ್ತು. ಆ ಜಲಾಶಯವನ್ನು ನೂರು ಲೀಟರಿನ ಗಾಜಿನಲ್ಲಿ ಮತ್ತೆ ಮಾಡಹೊರಟವನು ಎಷ್ಟು ದೊಡ್ಡ ಹೊಣೆಯನ್ನು ತಲೆಯ ಮೇಲೆ ಹೊತ್ತನೆಂಬುದನ್ನು ಮುಂದಿನ ಲೆಕ್ಕ ತಿಳಿಸುತ್ತದೆ.

ಒಂದು ತೊಟ್ಟಿನ ಲೆಕ್ಕ

ಅಯೋಡಿನ್ ಎಂಬ ಮೂಲವಸ್ತು 1811ರಲ್ಲಿ ಕಡಲಪಾಚಿಯ ಬೂದಿಯಲ್ಲಿಯೇ ಮೊದಲು ದೊರೆಯಿತು. ಅದನ್ನು ಕಂಡವನು ಕುರ್ತ್ವಾ ಎಂಬ ಫ್ರೆಂಚ್ ರಸಾಯನಜ್ಞ. ಮನುಷ್ಯನಿಗೂ ಅದು ಬೇಕು. ದೊಡ್ಡವರಿಗೆ ದಿನಕ್ಕೆ ಸುಮಾರು 150 ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮಿನ ಹತ್ತು ಸಾವಿರ ಭಾಗಗಳಲ್ಲಿ ಒಂದೂವರೆ ಭಾಗದಷ್ಟು, ಸಾಕು. ಅದು ದೊರೆಯದಿದ್ದರೆ ಗಳಗಂಡ ರೋಗ ಬರುತ್ತದೆ, ಹುಟ್ಟುವ ಮಕ್ಕಳ ಬುದ್ಧಿ ಕುಂಠಿತವಾಗುತ್ತದೆ. ಆ ಕಾರಣದಿಂದಲೇ ಉಪ್ಪಿಗೆ ಅಯೋಡಿನ್ ಬೆರೆಸುವ ಪದ್ಧತಿ ಬಂತು. ಗ್ರಾಹಕನ ಕೈಸೇರುವ ಉಪ್ಪಿನಲ್ಲಿ ಕಿಲೋಗ್ರಾಮಿಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕೆಂಬ ನಿಯಮವಿದೆ. ಅದೇ ಅಯೋಡಿನ್ ಗಾಯದ ಮೇಲೆ ಹಚ್ಚಿದಾಗ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಮಾತ್ರೆಯಾಗಿ ಹಾಕಿದರೆ ಕುಡಿಯುವ ನೀರಿನಲ್ಲಿರುವ ಜೀವಾಣುಗಳನ್ನು ನಾಶ ಮಾಡುತ್ತದೆ. ವಸ್ತು ಒಂದೇ, ಅಳತೆ ಬದಲಾದಂತೆ ಅದು ಪೋಷಕವಾಗುತ್ತದೆ, ಘಾತಕವೂ ಆಗುತ್ತದೆ.

ಸಮುದ್ರದ ನೀರಿನಲ್ಲಿ ಅಯೋಡಿನ್ ಇರುವುದು ಲೀಟರಿಗೆ ಸುಮಾರು 0.06 ಮಿಲಿಗ್ರಾಂ ಮಾತ್ರ. ನೂರು ಲೀಟರ್ ತೊಟ್ಟಿಗೆ ಒಟ್ಟು 6 ಮಿಲಿಗ್ರಾಂ ಆಯಿತು. ಪೇಟೆಯಲ್ಲಿ ದೊರೆಯುವ ಲುಗೋಲ್ ದ್ರಾವಣವು ನೂರಕ್ಕೆ 5 ಭಾಗ ಅಯೋಡಿನ್, 10 ಭಾಗ ಪೊಟ್ಯಾಸಿಯಂ ಅಯೋಡೈಡ್ ಸೇರಿದ್ದು. ಎರಡರಲ್ಲಿಯೂ ಇರುವ ಅಯೋಡಿನ್ ಕೂಡಿಸಿದರೆ ಒಂದು ಮಿಲಿಲೀಟರಿಗೆ ಸುಮಾರು 126 ಮಿಲಿಗ್ರಾಂ ಆಗುತ್ತದೆ. ಮಿಲಿಲೀಟರಿಗೆ ಇಪ್ಪತ್ತು ತೊಟ್ಟು ಎಂದು ಹಿಡಿದರೆ ಒಂದು ತೊಟ್ಟಿನಲ್ಲಿ 6 ಮಿಲಿಗ್ರಾಮಿಗೂ ಸ್ವಲ್ಪ ಹೆಚ್ಚು. ಎಂದರೆ, ಕಡಲು ತನ್ನ ನೂರು ಲೀಟರಿನಲ್ಲಿ ಇಟ್ಟುಕೊಂಡಿರುವಷ್ಟು ಅಯೋಡಿನ್ನನ್ನು ಒಂದೇ ತೊಟ್ಟು ಮತ್ತೊಮ್ಮೆ ಸುರಿಯುತ್ತದೆ. ಅಣ್ಣ ಒಂದು ತೊಟ್ಟು, ತಂಗಿ ಒಂದು ತೊಟ್ಟು ಹಾಕಿದರೆ ಒಂದೇ ವಾರದಲ್ಲಿ ಮಟ್ಟ ಮೂರು ಪಟ್ಟು ಏರುತ್ತದೆ. ಪಾಚಿ ಒಂದಿಷ್ಟನ್ನು ಹೀರುತ್ತದೆ, ನೊರೆ ತೆಗೆಯುವ ಯಂತ್ರ ಒಂದಿಷ್ಟನ್ನು ಹೊರಹಾಕುತ್ತದೆ ಎಂಬುದು ನಿಜ. ಆದರೆ ಖರ್ಚಿನ ಬದಿ ಎಷ್ಟೆಂದು ತಿಳಿಯದೆ ಜಮೆಯ ಬದಿಯನ್ನು ತುಂಬುತ್ತ ಹೋಗುವುದನ್ನು ಯಾವ ಅಂಗಡಿಯಲ್ಲಿ ಲೆಕ್ಕವೆನ್ನುತ್ತಾರೆ?

ಅಯೋಡಿನ್ ಬರುವ ದಾರಿ ಶೀಶೆಯೊಂದೇ ಅಲ್ಲ. ಮೀನಿಗೆ ಹಾಕುವ ಒಣಗಿದ ಕಡಲಪಾಚಿಯಲ್ಲಿಯೂ ಅದು ಇದೆ. ಕೆಲವು ಜಾತಿಯ ಕಂದು ಪಾಚಿಗಳಲ್ಲಿ ಕಿಲೋಗ್ರಾಮಿಗೆ ಸಾವಿರಾರು ಮಿಲಿಗ್ರಾಂ ಇರುತ್ತದೆ. ಕಡಲನೀರು ತಯಾರಿಸುವ ಉಪ್ಪಿನ ಮಿಶ್ರಣದಲ್ಲಿಯೂ ತಯಾರಕರು ಸೇರಿಸಿರುತ್ತಾರೆ. ಮಿತವ್ಯಯವೆಂದು ಯಾರಾದರೂ ಅಡಿಗೆಯ ಉಪ್ಪನ್ನೇ ಲೀಟರಿಗೆ 35 ಗ್ರಾಂ ಕರಗಿಸಿದರೆ, ಕನಿಷ್ಠ ಪ್ರಮಾಣದ ಲೆಕ್ಕದಲ್ಲಿಯೇ ಲೀಟರಿಗೆ 0.5 ಮಿಲಿಗ್ರಾಂ ದಾಟುತ್ತದೆ. ಇದು ಕಡಲಿನದಕ್ಕಿಂತ ಸುಮಾರು ಒಂಬತ್ತು ಪಟ್ಟು ಹೆಚ್ಚು. ಹವಳಕ್ಕೆ ಬೇಕಾದ ಸುಣ್ಣಾಂಶ, ಮೆಗ್ನೀಸಿಯಂ ಮೊದಲಾದವು ಆ ನೀರಿನಲ್ಲಿ ಬೇಕಾದಷ್ಟು ಇರುವುದೂ ಇಲ್ಲ.

ಬೀಳಗಿ ತಾಲೂಕಿನ ಜನರಿಗೆ ಮಟ್ಟ ಎಂಬ ಮಾತಿನ ಅರ್ಥವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು 519.6 ಮೀಟರಿಗೆ ನಿಂತರೆ ಯಾವ ಹೊಲ ಉಳಿಯುತ್ತದೆ, 524.256 ಮೀಟರಿಗೆ ಏರಿಸಿದರೆ ಯಾವ ಹೊಲ ಹೋಗುತ್ತದೆ ಎಂಬ ಲೆಕ್ಕ ಇಲ್ಲಿಯ ರೈತರ ನಾಲಗೆಯ ಮೇಲಿದೆ. ಕೃಷ್ಣೆಯ ನೀರು ಹೊಲಕ್ಕೆ ಜೀವ. ಅದೇ ನೀರು ಕೆಲವು ಮೀಟರ್ ಮೇಲೇರಿದರೆ ಊರಿಗೆ ಊರೇ ಎದ್ದು ಹೋಗಬೇಕು. ಮನುಷ್ಯನಿಗೆ ಮೀಟರಿನಲ್ಲಿ ಬರುವ ಆಪತ್ತು ಹವಳಕ್ಕೆ ಮಿಲಿಗ್ರಾಮಿನ ನೂರನೆಯ ಭಾಗದಲ್ಲಿ ಬರುತ್ತದೆ. ಮನುಷ್ಯನಿಗೆ ಎದ್ದು ಹೋಗಲು ಬೇರೆ ಊರು ಉಂಟು. ತೊಟ್ಟಿಯ ಜೀವಿಗೆ ಇಲ್ಲ.

ಸದುದ್ದೇಶದ ವಾದ

ಮಕ್ಕಳ ಮನಸ್ಸಿನಲ್ಲಿ ಕೊಲ್ಲುವ ಭಾವವೇ ಇರಲಿಲ್ಲವಲ್ಲ, ಅವರಿಗೆ ದೋಷವೆಲ್ಲಿಯದು ಎಂದು ವಾದಿಸಬಹುದು. ಈ ವಾದದಲ್ಲಿ ಅರ್ಧ ಸತ್ಯವಿದೆ. ಜೈನ ದರ್ಶನದಲ್ಲಿ ಭಾವಕ್ಕೆ ಪ್ರಾಧಾನ್ಯವಿರುವುದು ನಿಜ. ಆದರೆ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ದ್ವೇಷವನ್ನು ಮುಂದಿಡಲಿಲ್ಲ, ಪ್ರಮಾದವನ್ನು ಮುಂದಿಟ್ಟರು. ಪ್ರಮಾದಯುಕ್ತನಾದವನ ಕ್ರಿಯೆಯಿಂದ ಪ್ರಾಣಕ್ಕೆ ಘಾತವಾಗುವುದೇ ಹಿಂಸೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಮುಂದೆ ಹೋಗಿ, ಜೀವಿ ಸಾಯಲಿ ಬದುಕಲಿ, ಯತ್ನವಿಲ್ಲದೆ ನಡೆಯುವವನಿಗೆ ಹಿಂಸೆ ನಿಶ್ಚಿತವೆಂದೂ, ಎಚ್ಚರದಿಂದ ನಡೆಯುವವನಿಗೆ ಕೇವಲ ಪ್ರಾಣಹಾನಿಯ ಕಾರಣದಿಂದ ಬಂಧವಿಲ್ಲವೆಂದೂ ಅಭಿಪ್ರಾಯಪಟ್ಟಿದ್ದಾರೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರ ಸೂರಿಗಳ ನಿಲುವೂ ಇದೇ.

ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ ತೊಟ್ಟಿಯ ಪ್ರಸಂಗದಲ್ಲಿ ದೋಷ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ. ಅಯೋಡಿನ್ ಹಾಕಿದ್ದು ದೋಷವಲ್ಲ, ಅಳೆಯದೆ ಹಾಕಿದ್ದು ದೋಷ. ನೀರಿನಲ್ಲಿ ಈಗಾಗಲೇ ಎಷ್ಟಿದೆಯೆಂದು ಪರೀಕ್ಷಿಸಲಿಲ್ಲ. ಯಾರು ಎಂದು ಹಾಕಿದರೆಂದು ಬರೆದಿಡಲಿಲ್ಲ. ಹವಳ ಮುದುಡುವುದಕ್ಕೆ ಬೆಳಕು, ಶಾಖ, ಉಪ್ಪಿನ ಸಾಂದ್ರತೆ ಮುಂತಾಗಿ ಹತ್ತು ಕಾರಣಗಳಿರಬಹುದು, ಅವುಗಳನ್ನು ವಿಚಾರಿಸಲಿಲ್ಲ. ಸೀಗಡಿ ಪೊರೆ ಕಳಚಲು ಅಯೋಡಿನ್ ಸುರಿಯಲೇಬೇಕೆಂಬ ನಂಬಿಕೆ ಹವ್ಯಾಸಿಗಳಲ್ಲಿ ವ್ಯಾಪಕವಾಗಿದ್ದರೂ ಅದಕ್ಕೆ ದೃಢವಾದ ಆಧಾರವಿಲ್ಲ. ಆಧಾರವನ್ನು ಯಾರೂ ಕೇಳಲಿಲ್ಲ. ಅನರ್ಥದಂಡವಿರತಿಯ ಅತಿಚಾರಗಳಲ್ಲಿ ಅಸಮೀಕ್ಷ್ಯಾಧಿಕರಣವೆಂಬುದೊಂದಿದೆ. ವಿಚಾರಿಸದೆ, ಅಗತ್ಯ ಮೀರಿ ಕಾರ್ಯಕ್ಕೆ ಕೈಹಾಕುವುದೆಂದು ಅದರ ಅರ್ಥ. ಈ ಹೆಸರು ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಇನ್ನೊಂದು ಅಂಶವೂ ಗಮನಾರ್ಹ. ಅಹಿಂಸಾಣುವ್ರತದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯದು ಕೊಡಬೇಕಾದುದನ್ನು ಕೊಡದಿರುವ ದೋಷ. ಅದಕ್ಕೆ ಎದುರಾದ ದೋಷ, ಅಂದರೆ ಹೊರಲಾರದಷ್ಟನ್ನು ಕೊಡುವುದು, ಅತಿಭಾರಾರೋಪಣದಲ್ಲಿ ಅಡಗಿದೆಯೆಂದು ತಿಳಿಯಲು ಅಡ್ಡಿಯಿಲ್ಲ. ಆಚಾರ್ಯರ ಕಣ್ಣೆದುರಿಗಿದ್ದದ್ದು ಎತ್ತಿನ ಬೆನ್ನು, ಆಳಿನ ಹೆಗಲು. ಆದರೆ ಭಾರವು ಬೆನ್ನಿನ ಮೇಲೆಯೇ ಇರಬೇಕೆಂದಿಲ್ಲ. ಜೀವಿಯ ಮೈ ಸಹಿಸಲಾರದ ಪ್ರಮಾಣವನ್ನು ಅದರ ನೀರಿನಲ್ಲಿ ಬೆರೆಸುವುದೂ ಭಾರ ಹೊರಿಸುವುದೇ. ಎತ್ತು ಮಂಡಿಯೂರಿ ತನ್ನ ಸಂಕಟವನ್ನು ತೋರಿಸುತ್ತದೆ. ಹವಳವು ಮುದುಡುವುದಷ್ಟೇ ಬಲ್ಲದು.

ಮೊದಲು ಸಂವರ, ಬಳಿಕ ನಿರ್ಜರೆ

ಏರಿದ ಮಟ್ಟವನ್ನು ಇಳಿಸುವ ಕ್ರಮವೇನು? ತೊಟ್ಟಿಗಳನ್ನು ಬಲ್ಲವರು ಹೇಳುವ ಕ್ರಮವು ಪಾಠಶಾಲೆಯ ಮಕ್ಕಳು ಕಲಿಯುವ ತತ್ತ್ವಗಳ ಕ್ರಮವನ್ನೇ ಹೋಲುತ್ತದೆ. ಒಳಹರಿಯುವುದು ಆಸ್ರವ, ತಡೆಯುವುದು ಸಂವರ, ಈಗಾಗಲೇ ಸೇರಿದ್ದನ್ನು ಸ್ವಲ್ಪಸ್ವಲ್ಪವಾಗಿ ಕಳೆಯುವುದು ನಿರ್ಜರೆ.

ಮೊದಲು ಶೀಶೆಯನ್ನು ಮುಚ್ಚಬೇಕು. ಅಯೋಡಿನ್ ಇರುವ ಪಾಚಿಯ ಆಹಾರವನ್ನು ಕಡಿಮೆ ಮಾಡಬೇಕು, ಹಸಿವಿನಲ್ಲಿ ಕೆಡವಬಾರದು. ಬಳಿಕ ನೀರನ್ನು ಪರೀಕ್ಷಿಸಬೇಕು. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಮನೆಯ ಪರೀಕ್ಷಾ ಪೆಟ್ಟಿಗೆಗಳು ಅನೇಕ ವೇಳೆ ತಪ್ಪಾಗಿ ತೋರಿಸುವುದರಿಂದ ನೀರಿನ ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸುವುದು ಉತ್ತಮ. ಹೊಸದಾಗಿ ಕಲಸಿದ ಉಪ್ಪುನೀರನ್ನೂ ಅದರೊಡನೆ ಪರೀಕ್ಷೆಗೆ ಕಳುಹಿಸಬೇಕು. ಹೊಸ ನೀರಿನಲ್ಲಿಯೇ ಅಯೋಡಿನ್ ಹೆಚ್ಚಿದ್ದರೆ ಎಷ್ಟು ಬಾರಿ ನೀರು ಬದಲಿಸಿದರೂ ಮಟ್ಟ ಅದಕ್ಕಿಂತ ಕೆಳಗೆ ಬರುವುದಿಲ್ಲ.

ಅನಂತರ ನೀರಿನ ಬದಲಾವಣೆ. ಮಟ್ಟ 0.18ಕ್ಕೆ ಏರಿದೆಯೆಂದೂ ಹೊಸ ನೀರಿನಲ್ಲಿ 0.06 ಇದೆಯೆಂದೂ ಭಾವಿಸಿ ಲೆಕ್ಕ ಹಾಕೋಣ. ಒಂದು ಸಲಕ್ಕೆ 20 ಲೀಟರ್ ತೆಗೆದು 20 ಲೀಟರ್ ಹಾಕಿದರೆ ಮಟ್ಟ 0.156ಕ್ಕೆ ಇಳಿಯುತ್ತದೆ. ಐದು ಸಲದ ನಂತರ ಸುಮಾರು 0.10, ಹತ್ತು ಸಲದ ನಂತರ ಸುಮಾರು 0.07. ಎರಡೇ ತೊಟ್ಟು ಏರಿಸಿದ್ದನ್ನು ಇಳಿಸಲು ಹತ್ತು ಬಾರಿ ನೀರು ಬದಲಿಸಿದರೂ ಸ್ವಲ್ಪ ಶಿಲ್ಕು ಉಳಿದೇ ಇರುತ್ತದೆ. ಒಂದೇ ದಿನ ಎಲ್ಲ ನೀರನ್ನೂ ಬದಲಿಸಿದರಾಗದೆ ಎಂದರೆ, ಆಗದು. ನೀರಿನ ಶಾಖ, ಉಪ್ಪಿನಂಶ, ಕ್ಷಾರತೆ ಒಮ್ಮೆಲೇ ಬದಲಾದರೆ ಆ ಆಘಾತದಿಂದಲೇ ಜೀವಿಗಳು ಸಾಯುವ ಸಂಭವವಿದೆ. ಕ್ರಿಯಾಶೀಲ ಇದ್ದಿಲನ್ನು ಇಟ್ಟು ಆಗಾಗ ಬದಲಿಸಿದರೆ ಅಯೋಡಿನ್ನಿನ ಕೆಲವು ರೂಪಗಳನ್ನು ಅದು ಹೀರುತ್ತದೆ. ನೊರೆ ತೆಗೆಯುವ ಯಂತ್ರವೂ ಸಹಾಯ ಮಾಡುತ್ತದೆ. ಅಯೋಡಿನ್ನಿಗೆ ಪ್ರತಿವಿಷವೆಂದು ಮತ್ತೊಂದು ರಾಸಾಯನಿಕವನ್ನು ಸುರಿಯುವುದು ಮಾತ್ರ ಅವಿವೇಕ. ಅಂಥವು ಅಯೋಡಿನ್ನಿನ ರೂಪವನ್ನು ಬದಲಿಸುತ್ತವೆ, ಮೊತ್ತವನ್ನು ಕಡಿಮೆ ಮಾಡುವುದಿಲ್ಲ. ಒಂದು ಖಾತೆಯ ಸಾಲವನ್ನು ಇನ್ನೊಂದು ಖಾತೆಗೆ ಬರೆದರೆ ಸಾಲ ತೀರಿದಂತಾಯಿತೆ?

ಹೊರತೆಗೆದ ನೀರಿಗೂ ಒಂದು ಗತಿ ಬೇಕು. 20 ಲೀಟರಿನಲ್ಲಿ ಸುಮಾರು 700 ಗ್ರಾಂ ಉಪ್ಪಿರುತ್ತದೆ. ಅದನ್ನು ಹಿತ್ತಲಿನ ಗಿಡಕ್ಕೆ ಸುರಿದರೆ ಗಿಡ ಸಾಯುತ್ತದೆ. ಸವಳು ಜವಳಿನಿಂದ ಹಾಳಾದ ಹೊಲಗಳನ್ನು ಕಂಡಿರುವ ಈ ಭಾಗದ ಜನರಿಗೆ ಉಪ್ಪು ನೆಲಕ್ಕೆ ಮಾಡುವ ಕೇಡು ಗೊತ್ತೇ ಇದೆ. ಒಂದು ಜೀವಕ್ಕೆ ಮಾಡಿದ ಅತಿಯು ನೆಲ, ನೀರು, ವನಸ್ಪತಿಗಳಿಗೆ ಹೇಗೆ ಹಬ್ಬುತ್ತದೆಂಬುದಕ್ಕೆ ಇದೂ ಒಂದು ನಿದರ್ಶನ. ಏರಿಸಲು ಕ್ಷಣ ಸಾಕು, ಇಳಿಸಲು ತಿಂಗಳುಗಳು ಬೇಕು. ಕರ್ಮದ ವಿಷಯದಲ್ಲಿ ಹಿರಿಯರು ಹೇಳುತ್ತ ಬಂದದ್ದೂ ಇದನ್ನೇ.

ಬಂಧದ ಪ್ರಶ್ನೆ

ಅಳತೆಯಿಂದ ನಡೆದರೆ ಎಲ್ಲವೂ ಸರಿಹೋಗುತ್ತದೆಯೆ? ಅಷ್ಟಕ್ಕೇ ವಿಚಾರ ಮುಗಿಯುವುದಿಲ್ಲ. ಅತಿಚಾರಗಳಲ್ಲಿ ಮೊದಲನೆಯದೇ ಬಂಧ. ವಿನೋದಕ್ಕಾಗಿ ಜೀವಿಯನ್ನು ಗಾಜಿನೊಳಗೆ ಇಡುವುದು ಬಂಧವಲ್ಲವೆ? ಶತ್ರುಗಳಿಲ್ಲದ ಸುರಕ್ಷಿತ ಸ್ಥಳದಲ್ಲಿ ಅವು ಸುಖವಾಗಿವೆ, ಇದು ಬಂಧವಲ್ಲ, ರಕ್ಷಣೆ ಎಂದು ಹವ್ಯಾಸಿಗಳು ಹೇಳುತ್ತಾರೆ. ಜೈನ ಸಮಾಜವೂ ಪಾಂಜರಾಪೋಳಗಳಲ್ಲಿ ಪ್ರಾಣಿಗಳನ್ನು ಇಟ್ಟುಕೊಳ್ಳುವುದಿಲ್ಲವೆ ಎಂದೂ ಕೇಳುತ್ತಾರೆ. ಎರಡಕ್ಕೂ ಇರುವ ಅಂತರ ದೊಡ್ಡದು. ಪಾಂಜರಾಪೋಳಕ್ಕೆ ಬರುವ ಪ್ರಾಣಿ ಆಗಲೇ ಅನಾಥವಾದದ್ದು, ರೋಗಿಯಾದದ್ದು. ದೆಹಲಿಯ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಆಸ್ಪತ್ರೆಯಲ್ಲಿ ಗುಣವಾದ ಹಕ್ಕಿಯನ್ನು ಆಕಾಶಕ್ಕೆ ಬಿಡುತ್ತಾರೆ. ಅಲ್ಲಿ ಬಂಧವು ಜೀವಿಯ ಅಗತ್ಯದಿಂದ ಆರಂಭವಾಗಿ ಆ ಅಗತ್ಯದೊಂದಿಗೇ ಮುಗಿಯುತ್ತದೆ. ತೊಟ್ಟಿಯಲ್ಲಿ ಬಂಧವು ನೋಡುವವನ ಆಸೆಯಿಂದ ಆರಂಭವಾಗುತ್ತದೆ. ಹಿಡಿಯುವಾಗ, ಸಾಗಿಸುವಾಗ ಸಾಯುವ ಜೀವಿಗಳ ಲೆಕ್ಕ ಕೊಳ್ಳುವವನ ಕಣ್ಣಿಗೆ ಬೀಳುವುದೇ ಇಲ್ಲ. ಅನೇಕ ಕಡಲಮೀನುಗಳಿಗೆ ಸೀಗಡಿಯ ಮಾಂಸವನ್ನೇ ಆಹಾರವಾಗಿ ಕೊಡಬೇಕಾಗುತ್ತದೆಂಬುದನ್ನೂ ಮರೆಯಬಾರದು.

ಕಾನೂನಿನ ವಿಷಯವೂ ಇದೆ. 2001ರಲ್ಲಿ ಭಾರತ ಸರ್ಕಾರವು ಕಲ್ಲುಹವಳ, ಕಪ್ಪುಹವಳ, ಬೆಂಕಿಹವಳ, ಕಡಲಬೀಸಣಿಗೆಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ, ಹುಲಿಯ ಸಾಲಿಗೆ, ಸೇರಿಸಿತು. ಕರ್ನಾಟಕದಲ್ಲಿ ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತ ಬೆಳೆದಿರುವ ಹವಳಗಳಿಗೂ ಈ ರಕ್ಷಣೆ ಅನ್ವಯಿಸುತ್ತದೆ. ಕಡಲಿನಿಂದ ಕಿತ್ತು ತಂದ ಹವಳವನ್ನು ಕೊಳ್ಳುವವನು ಕಾಯಿದೆಯನ್ನು ಮುರಿಯುತ್ತಾನೆ, ಅಚೌರ್ಯವ್ರತವನ್ನೂ ಮುರಿಯುತ್ತಾನೆ. ಕದ್ದ ಮಾಲನ್ನು ಕೊಳ್ಳುವುದು ಆ ವ್ರತದ ಅತಿಚಾರಗಳಲ್ಲಿ ಒಂದು.

ತೇರದಾಳದ ನೇಮಿನಾಥ ಬಸದಿ 1123ರಲ್ಲಿ ಗೊಂಕನೆಂಬ ಮಾಂಡಲಿಕನು ಕಟ್ಟಿಸಿದ್ದು. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ, ಬೀಳಗಿಯ ಶ್ರಾವಕರಿಗೆ ಅದು ದೂರವಲ್ಲ. ಅಲ್ಲಿ ಪೂಜೆಗೊಳ್ಳುವ ತೀರ್ಥಂಕರರ ವೃತ್ತಾಂತ ಎಲ್ಲರಿಗೂ ತಿಳಿದದ್ದು. ವಿವಾಹಕ್ಕೆ ಹೊರಟ ರಾಜಕುಮಾರನು ದಾರಿಯಲ್ಲಿ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನವನ್ನು ಕೇಳಿ ರಥವನ್ನು ತಿರುಗಿಸಿದನು, ಮತ್ತೆ ಅರಮನೆಗೆ ಮರಳಲಿಲ್ಲ. ನೇಮಿಕುಮಾರನಿಗೆ ಕೂಗು ಕೇಳಿಸಿತು. ಗಾಜಿನೊಳಗಿನ ಹವಳಕ್ಕೆ ಕೂಗಿಲ್ಲ, ಶಂಖದ ಹುಳುವಿಗೆ ದನಿಯಿಲ್ಲ. ದನಿಯಿಲ್ಲದ ಜೀವಿಯ ಸಂಕಟವನ್ನು ಕೇಳುವ ಉಪಾಯ ಒಂದೇ, ಅದು ಅಳತೆ. ನೀರಿನ ಪರೀಕ್ಷೆಯ ಕಾಗದದಲ್ಲಿ ಬರೆದ ಸಣ್ಣ ಅಂಕೆಯೇ ಆ ಜೀವಿಯ ಆಕ್ರಂದನ. ಅದನ್ನು ಓದದೆ ತೊಟ್ಟು ಹಾಕುತ್ತ ಹೋಗುವವನು ಕಿವಿ ಮುಚ್ಚಿಕೊಂಡು ರಥ ನಡೆಸಿದವನಿಗೆ ಸಮಾನ.

ಈಗಾಗಲೇ ತೊಟ್ಟಿ ಇರುವವರು ಏನು ಮಾಡಬೇಕು?

ಹೀಗಾದರೆ ತೊಟ್ಟಿಯನ್ನು ಇಂದೇ ಬರಿದು ಮಾಡಿಬಿಡೋಣ ಎಂದು ಅವಸರಪಡುವವರಿದ್ದಾರೆ. ಅದು ವೈರಾಗ್ಯವಲ್ಲ, ಇನ್ನೊಂದು ಪ್ರಮಾದ. ಕಡಲ ಮೀನನ್ನು ಕೃಷ್ಣೆಗೆ ಬಿಟ್ಟರೆ ಸಿಹಿನೀರಿನಲ್ಲಿ ಅದು ಸಾಯುತ್ತದೆ. ನೀರನ್ನು ಸೋಸಿ ಕುಡಿಯುವ ಶ್ರಾವಕರ ಮನೆಗಳಲ್ಲಿ ಬಟ್ಟೆಯಲ್ಲಿ ನಿಂತ ಜೀವಿಗಳನ್ನು ಎಲ್ಲೆಂದರಲ್ಲಿ ಚೆಲ್ಲುವುದಿಲ್ಲ, ಯಾವ ಬಾವಿಯ ನೀರೋ ಆ ಬಾವಿಗೇ ಮರಳಿ ಬಿಡುತ್ತಾರೆ. ಪ್ರತಿಯೊಂದು ಜೀವಿಗೂ ಅದರದೇ ನೀರು ಎಂಬ ವಿವೇಕ ಆ ಹಳೆಯ ಆಚರಣೆಯಲ್ಲಿದೆ. ಆಹಾರ ನಿಲ್ಲಿಸಿ ಕೈಬಿಟ್ಟರೆ ಅದು ಅನ್ನಪಾನನಿರೋಧ. ಒಮ್ಮೆ ಹೊಣೆ ಹೊತ್ತವನಿಗೆ ಎರಡೇ ದಾರಿಗಳಿವೆ. ತನಗಿಂತ ಹೆಚ್ಚು ಬಲ್ಲ ಪಾಲಕನಿಗೆ ಅವುಗಳನ್ನು ಒಪ್ಪಿಸಬೇಕು. ಇಲ್ಲವೆ ಅವುಗಳ ಆಯುಷ್ಯ ಮುಗಿಯುವವರೆಗೆ ಅಳತೆ ತಪ್ಪದೆ ನೋಡಿಕೊಂಡು, ಸತ್ತದ್ದರ ಜಾಗಕ್ಕೆ ಹೊಸದನ್ನು ತರದೆ ಇರಬೇಕು. ಪರಿಗ್ರಹ ಪರಿಮಾಣವೆಂದರೆ ಇದೇ. ಇದ್ದುದನ್ನು ಎಸೆದುಬಿಡುವುದರಿಂದ ಪರಿಗ್ರಹ ಕಳೆಯುವುದಿಲ್ಲ. ಕೊನೆಯತನಕ ಋಣ ತೀರಿಸಿ, ಹೊಸ ಋಣ ಮಾಡದಿದ್ದರೆ ಕಳೆಯುತ್ತದೆ.

ಬಸದಿಗಳ ಟ್ರಸ್ಟುಗಳಿಗೂ ಇದರಲ್ಲಿ ಸೂಚನೆಯಿದೆ. ಯಾತ್ರಿ ನಿವಾಸದ ಅಂದಕ್ಕೆಂದೋ ಮಕ್ಕಳ ಸಂತೋಷಕ್ಕೆಂದೋ ದಾನಿಗಳು ತೊಟ್ಟಿಯನ್ನು ಕೊಡಲು ಮುಂದೆ ಬಂದರೆ, ಆ ದಾನವನ್ನು ವಿನಯದಿಂದ ಬೇಡವೆನ್ನುವುದೇ ಯೋಗ್ಯ. ತೊಟ್ಟಿ ಕೊಡುವುದು ಒಂದು ದಿನದ ದಾನ, ಅದನ್ನು ನೋಡಿಕೊಳ್ಳುವುದು ಪ್ರತಿದಿನದ ವ್ರತ. ಸಮಿತಿಯ ಸದಸ್ಯರು ಬದಲಾಗುತ್ತಾರೆ, ಕಾವಲುಗಾರ ಬದಲಾಗುತ್ತಾನೆ, ವಿದ್ಯುತ್ತು ಹೋಗುತ್ತದೆ. ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಅಲ್ಲದಂತಾಗುತ್ತದೆ. ಆ ದಾನಿಯ ಹಣವನ್ನು ಬೇಸಿಗೆಯಲ್ಲಿ ದನಕರುಗಳಿಗೆ ಕುಡಿಯುವ ನೀರಿನ ತೊಟ್ಟಿ ಕಟ್ಟಿಸಲು ಬಳಸಿದರೆ ಅಲ್ಲಿ ಬಂಧವಿಲ್ಲ. ಕುಡಿದ ಪ್ರಾಣಿ ತನ್ನ ದಾರಿ ಹಿಡಿದು ಹೋಗುತ್ತದೆ.

ಮನೆಯ ಹಿರಿಯರಿಗೂ ಒಂದು ಮಾತು. ಹವಳ ತಂದ ಮಗನನ್ನು ಬೈದು ತೊಟ್ಟಿಯನ್ನು ಒಡೆಸುವುದರಿಂದ ಧರ್ಮ ಬೆಳೆಯುವುದಿಲ್ಲ. ತೊಟ್ಟಿಯ ಪಕ್ಕದಲ್ಲಿ ಒಂದು ವಹಿಯನ್ನು ಇಡಿಸಬೇಕು. ಇಂದು ಏನು ಹಾಕಿದೆ, ಎಷ್ಟು ಹಾಕಿದೆ, ಏಕೆ ಹಾಕಿದೆ, ಅದಕ್ಕೆ ಮೊದಲು ಅಳೆದೆನೆ ಎಂಬ ನಾಲ್ಕು ಅಂಕಣಗಳು ಅದರಲ್ಲಿರಲಿ. ಆ ವಹಿಯನ್ನು ಪ್ರಾಮಾಣಿಕವಾಗಿ ಬರೆಯುವ ಹುಡುಗನು ಕೆಲವೇ ತಿಂಗಳಲ್ಲಿ ಎರಡು ಸಂಗತಿಗಳನ್ನು ತಾನಾಗಿಯೇ ಕಲಿಯುತ್ತಾನೆ. ತಾನು ಹಾಕಿದ್ದರಲ್ಲಿ ಹೆಚ್ಚಿನದು ಬೇಕಿರಲಿಲ್ಲವೆಂಬುದು ಮೊದಲನೆಯದು. ಕಡಲು ಸಹಜವಾಗಿ ಮಾಡುವ ಕೆಲಸವನ್ನು ಮನುಷ್ಯನು ಪಡಸಾಲೆಯಲ್ಲಿ ಮಾಡಹೊರಟರೆ ಅದಕ್ಕೆ ಎಷ್ಟು ಎಚ್ಚರ ಬೇಕೆಂಬುದು ಎರಡನೆಯದು. ಈ ಎರಡನ್ನು ಕಲಿತವನು ಇನ್ನೊಂದು ತೊಟ್ಟಿಯನ್ನು ತರುವುದಿಲ್ಲ.

ಅಳತೆಯಿಲ್ಲದ ದಯೆಯು ಕೊಡುವವನ ತೃಪ್ತಿಯನ್ನು ನೋಡುತ್ತದೆ, ಅಳತೆಯುಳ್ಳ ದಯೆಯು ಪಡೆಯುವವನ ಅಗತ್ಯವನ್ನು ನೋಡುತ್ತದೆ. ತಕ್ಕಡಿಯನ್ನು ಹಿಡಿದು ಬಾಳುವ ಸಮಾಜಕ್ಕೆ ಈ ಭೇದ ತಿಳಿಯದ್ದೇನಲ್ಲ. ಅಂಗಡಿಯಲ್ಲಿ ಒಂದು ಗುಂಜಿ ಹೆಚ್ಚುಕಡಿಮೆಯಾದರೂ ಗಮನಿಸುವ ಕಣ್ಣು ಮನೆಯ ತೊಟ್ಟಿಯ ಕಡೆಗೂ ತಿರುಗಬೇಕಾಗಿದೆ.